ಸೋಲುವವರ ಕಾಲಮಾನ

ಅಮೆರಿಕದ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಹಿಂಕಿ 2016ರ ಏಪ್ರಿಲ್ 6ರಂದು ರಾಜೀನಾಮೆ ಕೊಟ್ಟರು. ರಾಜೀನಾಮೆಗೆ ನಾಲ್ಕು ಸಾಲು ಸಾಕು. ಹಿಂಕಿ ತಂಡದ ಪಾಲುದಾರರಿಗೆ ಬರೆದದ್ದು 13 ಪುಟ. ಅದರಲ್ಲಿ ವಾರೆನ್ ಬಫೆಟ್, ಚಾರ್ಲಿ ಮಂಗರ್, ಅಬ್ರಹಾಂ ಲಿಂಕನ್, ವೈದ್ಯ-ಲೇಖಕ ಅತುಲ್ ಗವಾಂಡೆ ಎಲ್ಲರೂ ಬರುತ್ತಾರೆ. ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋವಾ ಎಂಬ ಹಕ್ಕಿಯೂ ಬರುತ್ತದೆ. ಆ ಸೀಸನ್ನಿನ 82 ಪಂದ್ಯಗಳಲ್ಲಿ ತಂಡ ಗೆದ್ದದ್ದು ಹತ್ತು, ಸೋತದ್ದು ಎಪ್ಪತ್ತೆರಡು.

ಈ ಪತ್ರವನ್ನು ಕ್ರೀಡಾ ಪತ್ರಕರ್ತರು ಸುದ್ದಿಯಾಗಿ ಓದಿದರು, ಕೆಲವರು ನಗೆಪಾಟಲು ಮಾಡಿದರು. ನನಗೆ ಅದು ಒಂದು ಸಾಹಿತ್ಯಿಕ ಪಠ್ಯದಂತೆ ಕಾಣುತ್ತದೆ. ಸೋಲನ್ನು ಹೇಗೆ ನಿರೂಪಿಸಬೇಕು ಎಂಬ ಪ್ರಶ್ನೆಗೆ ನಮ್ಮ ಕಾಲ ಕೊಡುವ ಉತ್ತರ ಅದರಲ್ಲಿದೆ. ಅದೇ ಪ್ರಶ್ನೆಗೆ ಬೇರೆಯದೇ ಉತ್ತರ ಕೊಟ್ಟ ಪುಸ್ತಕವೊಂದು ಅದಕ್ಕಿಂತ 35 ವರ್ಷ ಮೊದಲೇ ಬಂದಿತ್ತು: ಡೇವಿಡ್ ಹಾಲ್ಬರ್‌ಸ್ಟಾಮ್ ಅವರ 'ದಿ ಬ್ರೇಕ್ಸ್ ಆಫ್ ದಿ ಗೇಮ್' (1981). ಎರಡರ ವಸ್ತುವೂ ಒಂದೇ, ಕುಸಿದ ತಂಡವೊಂದು ಮತ್ತೆ ಎದ್ದು ನಿಲ್ಲಲು ಹೆಣಗುವ ಕಾಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಸೋಲಿನ ಕಥೆಯನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಸೋಲಿನ ಅರ್ಥವೇ ಬದಲಾಗುವುದು ಕಾಣುತ್ತದೆ.

ಈ ಆಟದ ವ್ಯವಸ್ಥೆಯ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಬೇಕು. ಯುರೋಪಿನ ಫುಟ್‌ಬಾಲ್ ಲೀಗುಗಳಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಕೆಳದರ್ಜೆಗೆ ಇಳಿಯುತ್ತದೆ. ಎನ್‌ಬಿಎ ಲೀಗಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ವರ್ಷ 'ಡ್ರಾಫ್ಟ್' ಎಂಬ ಪದ್ಧತಿಯಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಮೊದಲ ಸರದಿಗಳು ಲಾಟರಿಯಿಂದ ನಿರ್ಧಾರವಾಗುತ್ತವೆ. ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. ಹಿಂಕಿಯ ಕಾಲದಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಶೇ 25 ಇತ್ತು. ದುರ್ಬಲರನ್ನು ಮೇಲೆತ್ತುವುದು ಈ ನಿಯಮದ ಉದ್ದೇಶ. ಆದರೆ ದುರ್ಬಲರಿಗೆ ಬಹುಮಾನವಿದೆ ಎಂದಮೇಲೆ ದುರ್ಬಲರಾಗಿ ಇರುವುದೇ ಲೆಕ್ಕಾಚಾರವಾಗುತ್ತದೆ.

ಹಿಂಕಿ ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡಿದರು. 2013ರಲ್ಲಿ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ತಂಡದ ಅತ್ಯುತ್ತಮ ಯುವ ಆಟಗಾರ ಜ್ರೂ ಹಾಲಿಡೇಯನ್ನು ನ್ಯೂ ಆರ್ಲಿಯನ್ಸ್‌ಗೆ ಬಿಟ್ಟುಕೊಟ್ಟು, ಮೊಣಕಾಲಿನ ಗಾಯದಿಂದ ಆ ವರ್ಷ ಆಡಲಾಗದ ನೆರ್ಲೆನ್ಸ್ ನೋಯೆಲ್‌ನನ್ನೂ ಮುಂದಿನ ವರ್ಷದ ಒಂದು ಸರದಿಯನ್ನೂ ಪಡೆದರು. 2014ರಲ್ಲಿ ಆರಿಸಿಕೊಂಡ ಜೋಯೆಲ್ ಎಂಬೀಡ್ ಪಾದದ ಗಾಯದಿಂದ ಎರಡು ಇಡೀ ಸೀಸನ್ ಅಂಗಳಕ್ಕಿಳಿಯಲಿಲ್ಲ. 2013-14ರಲ್ಲಿ ತಂಡ ಸತತ 26 ಪಂದ್ಯ ಸೋತಿತು. ಮೂರು ಸೀಸನ್‌ಗಳ ಒಟ್ಟು ಲೆಕ್ಕ 47 ಗೆಲುವು, 199 ಸೋಲು. ಅಭಿಮಾನಿಗಳ ಬಾಯಲ್ಲಿ ಇದಕ್ಕೆ 'ದಿ ಪ್ರಾಸೆಸ್' ಎಂದು ಹೆಸರಾಯಿತು.

ಪತ್ರದ ಭಾಷೆಯನ್ನು ಗಮನಿಸಬೇಕು. ಅದು ಕ್ರೀಡೆಯ ಭಾಷೆಯಲ್ಲ, ಹೂಡಿಕೆದಾರನ ಭಾಷೆ. ಕೋಣೆಯಲ್ಲಿ ಇರುವವರೆಲ್ಲರಿಗಿಂತ ದೂರದ ನೋಟ ತಮ್ಮದಾಗಿರಬೇಕು ಎಂಬುದು ಅದರ ಮೂಲಮಂತ್ರ. ಎಲ್ಲರೂ ನಂಬಿದ್ದಕ್ಕೆ ವಿರುದ್ಧವಾಗಿ ಯೋಚಿಸುವುದು, ಅನಿಶ್ಚಿತತೆಯನ್ನು ತಾಳಿಕೊಳ್ಳುವುದು ಅದು ಹೊಗಳುವ ಗುಣಗಳು. ಇದರಲ್ಲಿ ನಿಜವಾದ ತೂಕವಿದೆ ಎಂದು ಒಪ್ಪಲೇಬೇಕು. ವರ್ಷವರ್ಷವೂ ಅರ್ಧ ಗೆದ್ದು ಅರ್ಧ ಸೋತು, ಟಿಕೆಟ್ ಮಾರಿಕೊಂಡು, 'ಈ ಸಲ ನೋಡಿ' ಎಂದು ನಗರಕ್ಕೆ ಸುಳ್ಳು ಆಸೆ ತೋರಿಸುವ ತಂಡಗಳು ಬೇಕಾದಷ್ಟಿವೆ. ಹಿಂಕಿ ಆ ಸುಳ್ಳನ್ನು ಹೇಳಲಿಲ್ಲ. ಈಗ ನಾವು ಒಳ್ಳೆಯ ತಂಡವಲ್ಲ, ಆಗಲು ಸಮಯ ಬೇಕು ಎಂದರು. ಆ ಮಟ್ಟಿಗೆ ಪತ್ರದಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇದೆ.

ನನ್ನ ತಕರಾರು ಅದರ ಕಾಲಪ್ರಜ್ಞೆಯ ಬಗ್ಗೆ. ಪತ್ರದ ನಿಜವಾದ ವಾಸ ಭವಿಷ್ಯತ್ಕಾಲದಲ್ಲಿದೆ, ವರ್ತಮಾನ ಅದಕ್ಕೆ ತೆರಬೇಕಾದ ಬೆಲೆ ಮಾತ್ರ. ಆದರೆ ಸಂಸ್ಥೆಯೊಂದರ ಕಾಲ ಬೇರೆ, ದೇಹದ ಕಾಲ ಬೇರೆ. ತಂಡ ಹತ್ತು ವರ್ಷ ಕಾಯಬಲ್ಲದು, ಮೊಣಕಾಲು ಕಾಯುವುದಿಲ್ಲ. ಎನ್‌ಬಿಎಯಲ್ಲಿ ಹತ್ತು ದಿನದ ಒಪ್ಪಂದ ಎಂಬುದೊಂದಿದೆ. ಒಬ್ಬ ಆಟಗಾರನನ್ನು ಹತ್ತೇ ದಿನಕ್ಕೆ ಕರೆಸಬಹುದು, ಇನ್ನೊಮ್ಮೆ ಹತ್ತು ದಿನಕ್ಕೆ ಮುಂದುವರಿಸಬಹುದು. ಆಮೇಲೆ ಅದೇ ತಂಡ ಅವನನ್ನು ಉಳಿಸಿಕೊಳ್ಳಬೇಕೆಂದರೆ ಸೀಸನ್ ಮುಗಿಯುವವರೆಗಿನ ಒಪ್ಪಂದ ಕೊಡಬೇಕು, ಇಲ್ಲವಾದರೆ ಕಳಿಸಬೇಕು. ಹಿಂಕಿಯ ತಂಡಕ್ಕೆ ಇಂಥ ಅನೇಕರು ಬಂದು ಹೋದರು. ಹತ್ತು ದಿನದ ಕೂಲಿಗೆ ಬಂದವನ ಮುಂದೆ ನಿಂತು ದೂರದೃಷ್ಟಿಯ ಮಾತಾಡಿದರೆ ಅವನಿಗೆ ಅದು ಏನಾಗಿ ಕೇಳಿಸೀತು? ಅಂಗಳದಲ್ಲಿದ್ದ ಯಾರೂ ಸೋಲಲು ಆಡುತ್ತಿರಲಿಲ್ಲ. ಸೋಲು ಕಚೇರಿಯಲ್ಲಿ ಯೋಜನೆಯಾಗಿತ್ತು, ಅಂಗಳದಲ್ಲಿ ಅನುಭವವಾಗಿತ್ತು. ಪತ್ರದಲ್ಲಿ ಮೊದಲನೆಯದು ತುಂಬಿಕೊಂಡಿದೆ, ಎರಡನೆಯದಕ್ಕೆ ಜಾಗ ಬಹಳ ಕಡಿಮೆ.

ಮೈಕೆಲ್ ಕಾರ್ಟರ್-ವಿಲಿಯಮ್ಸ್ ಕಥೆ ಇದನ್ನು ಸ್ಪಷ್ಟಗೊಳಿಸುತ್ತದೆ. 2013ರಲ್ಲಿ ತಂಡಕ್ಕೆ ಬಂದ ಈತ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಮಯಾಮಿ ತಂಡವನ್ನು ಮಣಿಸಲು ನೆರವಾದ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡ. 2015ರ ಫೆಬ್ರವರಿಯಲ್ಲಿ ಅವನನ್ನು ಕಳಿಸಿಕೊಟ್ಟು ಹಿಂಕಿ ಪಡೆದದ್ದು ಯಾವ ಆಟಗಾರನನ್ನೂ ಅಲ್ಲ, ಭವಿಷ್ಯದ ಒಂದು ಸರದಿಯನ್ನು. ಅದು ಕೈಗೆ ಬಂದದ್ದು ಮೂರು ವರ್ಷದ ನಂತರ, ಹಿಂಕಿ ಹೋದ ಮೇಲೆ. 2018ರಲ್ಲಿ ತಂಡ ಆ ಸರದಿಯಲ್ಲಿ ಮಿಕಲ್ ಬ್ರಿಜಸ್‌ನನ್ನು ಆರಿಸಿ, ಅದೇ ರಾತ್ರಿ ಫೀನಿಕ್ಸ್‌ಗೆ ಕೊಟ್ಟು, ಬದಲಿಗೆ ಇನ್ನೊಬ್ಬ ಹೊಸ ಆಟಗಾರನನ್ನೂ 2021ರ ಒಂದು ಸರದಿಯನ್ನೂ ತೆಗೆದುಕೊಂಡಿತು. ಒಬ್ಬ ಮನುಷ್ಯ ಭರವಸೆಯಾದ, ಭರವಸೆ ಇನ್ನೊಬ್ಬ ಮನುಷ್ಯನಾಯಿತು, ಅವನು ಮತ್ತೆ ಭರವಸೆಯಾದ. ಪ್ರತಿ ವಹಿವಾಟನ್ನೂ ಬಿಡಿಬಿಡಿಯಾಗಿ ನೋಡಿದರೆ ಸಮರ್ಥನೆ ಇದ್ದೀತು. ಸಾಲಾಗಿ ನೋಡಿದರೆ, ಭವಿಷ್ಯವೆಂಬುದು ಎಂದೂ ನಗದಾಗದ ಚೆಕ್ಕಿನಂತೆ ಕಾಣುತ್ತದೆ.

ಈಗ ಹಾಲ್ಬರ್‌ಸ್ಟಾಮ್. ವಿಯೆಟ್ನಾಂ ವರದಿಗಾರಿಕೆಗೆ 1964ರಲ್ಲಿ ಪುಲಿಟ್ಜರ್ ಪಡೆದವರು, ಅದೇ ಯುದ್ಧಕ್ಕೆ ದೇಶವನ್ನು ನೂಕಿದ ಬುದ್ಧಿವಂತರ ಬಗ್ಗೆ 1972ರಲ್ಲಿ ಪ್ರಸಿದ್ಧ ಪುಸ್ತಕ ಬರೆದವರು. ಇಂಥವರು 1979-80ರ ಸೀಸನ್ ಪೂರ್ತಿ ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್ ಎಂಬ ತಂಡದ ಬೆನ್ನುಹತ್ತಿದರು. ಅದು ಗೆಲ್ಲುತ್ತಿದ್ದ ತಂಡವಲ್ಲ. 1977ರಲ್ಲಿ ಅದು ಚಾಂಪಿಯನ್ ಆಗಿತ್ತು, ಫೈನಲ್‌ನಲ್ಲಿ ಮಣಿಸಿದ್ದು ಇದೇ ಫಿಲಡೆಲ್ಫಿಯಾವನ್ನು. ಮರುವರ್ಷ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿತ್ತು. ಆಮೇಲೆ ಬಿಲ್ ವಾಲ್ಟನ್‌ನ ಪಾದ ಮುರಿಯಿತು. ನೋವು ಮರೆಸುವ ಚುಚ್ಚುಮದ್ದು ತೆಗೆದುಕೊಂಡು ಆತ ಆಡಿದ್ದ. ಮುಂದೆ ಚಿಕಿತ್ಸೆಯ ಬಗ್ಗೆ ತಂಡದೊಂದಿಗೆ ಮನಸ್ತಾಪವಾಗಿ ತಂಡವನ್ನೇ ಬಿಟ್ಟ. ಹಾಲ್ಬರ್‌ಸ್ಟಾಮ್ ಹೋಗುವ ಹೊತ್ತಿಗೆ ಉಳಿದಿದ್ದುದು ಕೋಚ್ ಜ್ಯಾಕ್ ರ‍್ಯಾಮ್ಸೆ, ನೆನಪುಗಳು, ಮತ್ತು ಸಂಬಳದ ಅಸಮಾಧಾನ. ಆ ಸೀಸನ್ನಿನ ಮಧ್ಯದಲ್ಲಿ ಚಾಂಪಿಯನ್ ತಂಡದ ಮಾರಿಸ್ ಲ್ಯೂಕಸ್, ಲಯನಲ್ ಹಾಲಿನ್ಸ್ ಇಬ್ಬರೂ ಬೇರೆ ಊರುಗಳಿಗೆ ಹೋದರು. ತಂಡ 38 ಗೆದ್ದು 44 ಸೋತಿತು.

ಒಂದು ಸಾಧಾರಣ ಸೀಸನ್‌ಗೆ ಇಷ್ಟು ದಪ್ಪ ಪುಸ್ತಕ ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಪುಸ್ತಕದ ಕಸುವು ಇರುವುದೇ ಅಲ್ಲಿ. ಹಾಲ್ಬರ್‌ಸ್ಟಾಮ್‌ಗೆ ಯಾವ ಪಂದ್ಯವೂ ಇನ್ನೊಂದಕ್ಕೆ ಮೆಟ್ಟಿಲಲ್ಲ. ಒಬ್ಬ ಆಟಗಾರ ಕಥೆಯೊಳಗೆ ಕಾಲಿಟ್ಟ ಕೂಡಲೇ ಅವರು ಪಂದ್ಯವನ್ನು ನಿಲ್ಲಿಸಿ, ಅವನು ಎಲ್ಲಿಂದ ಬಂದ, ಮನೆಯಲ್ಲಿ ಯಾರಿದ್ದರು, ಯಾರು ಕೈಹಿಡಿದರು ಎಂದು ವಿಚಾರಿಸತೊಡಗುತ್ತಾರೆ. ಕರ್ಮಿಟ್ ವಾಷಿಂಗ್ಟನ್ 1977ರ ಡಿಸೆಂಬರಿನಲ್ಲಿ ಪಂದ್ಯದ ನಡುವೆ ರೂಡಿ ಟೊಮ್ಜಾನೊವಿಚ್‌ನ ಮುಖಕ್ಕೆ ಗುದ್ದಿ, ಅವನ ಪ್ರಾಣಕ್ಕೇ ಅಪಾಯ ತಂದಿದ್ದ. ಜಗತ್ತಿಗೆ ಅವನು ಆ ಒಂದು ಗುದ್ದು ಮಾತ್ರ. ವಾಲ್ಟನ್ ಹೋದದ್ದಕ್ಕೆ ಪರಿಹಾರವಾಗಿ ಪೋರ್ಟ್‌ಲೆಂಡಿಗೆ ಬಂದ ಅವನನ್ನು ಹಾಲ್ಬರ್‌ಸ್ಟಾಮ್ ಆ ಗುದ್ದಿನ ಆಚೆಗೂ ಈಚೆಗೂ ನೋಡುತ್ತಾರೆ. ಕ್ಷಮಿಸುವುದೂ ಇಲ್ಲ, ಅಷ್ಟಕ್ಕೇ ಇಳಿಸುವುದೂ ಇಲ್ಲ. ಮಿಸಿಸಿಪ್ಪಿಯ ಬಡ ಗೇಣಿ ಕುಟುಂಬದಿಂದ ಬಂದ ಬಿಲ್ಲಿ ರೇ ಬೇಟ್ಸ್, ಮೇಯ್ನ್ ರಾಜ್ಯದ ಕಿರಿಯ ಲೀಗಿನ ತಂಡವೊಂದರಿಂದ ಸೀಸನ್ನಿನ ಕೊನೆಗೆ ಬಂದು ಇದ್ದಕ್ಕಿದ್ದಂತೆ ನಗರವನ್ನು ಬೆಳಗಿಸುತ್ತಾನೆ. ಹಿಂಕಿಯ ಲೆಕ್ಕದಲ್ಲಿ ಅವನು ಅಗ್ಗಕ್ಕೆ ಸಿಕ್ಕ ಲಾಭ. ಹಾಲ್ಬರ್‌ಸ್ಟಾಮ್ ಪುಟಗಳಲ್ಲಿ, ಹಠಾತ್ತನೆ ಬಂದ ಬೆಳಕನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದ ಹುಡುಗ.

ಹಾಗೆಂದು ಪುಸ್ತಕವನ್ನು ಪೂಜಿಸಬೇಕಿಲ್ಲ. ಅದರಲ್ಲಿ ಹಳೆಯ ಕಾಲದ ಹಂಬಲ ಅತಿಯಾಗಿದೆ. ಟೆಲಿವಿಷನ್ ಮತ್ತು ದುಡ್ಡು ಬರುವ ಮೊದಲು ಆಟ ಶುದ್ಧವಾಗಿತ್ತು ಎಂಬ ಧ್ವನಿ ಆಗಾಗ ಕೇಳುತ್ತದೆ. ಆ ಶುದ್ಧ ಕಾಲದಲ್ಲಿ ಆಟಗಾರನಿಗೆ ಮಾಲೀಕನ ಮುಂದೆ ಬಾಯಿ ಇರಲಿಲ್ಲ ಎಂಬುದನ್ನು ಬಲ್ಲ ಲೇಖಕರೇ ಹೀಗೆ ಹಂಬಲಿಸುವುದು ವಿಚಿತ್ರ. ಕಪ್ಪು ಆಟಗಾರರ ಬದುಕನ್ನು ಗೌರವದಿಂದಲೇ ಬರೆದರೂ, ನೋಡುವ ಕಣ್ಣು ಬಿಳಿಯ ಪತ್ರಕರ್ತನದು. ಹೆಂಗಸರಂತೂ ಬದಿಯಲ್ಲಿ ಬಂದು ಹೋಗುವವರು. ಆದರೂ ಪತ್ರಕ್ಕಿಲ್ಲದ ಒಂದು ಶಿಸ್ತು ಪುಸ್ತಕಕ್ಕಿದೆ. ಸೋತವರನ್ನು ಅದು ಯಾರದೋ ಗೆಲುವಿನ ಮುನ್ನುಡಿಯಾಗಿ ಬಳಸುವುದಿಲ್ಲ.

'ಪ್ರಾಸೆಸ್' ಮುಂದೆ ಏನಾಯಿತು? ಎಂಬೀಡ್ ಕೊನೆಗೂ ಆಡಿದ, ತನ್ನನ್ನೇ 'ದಿ ಪ್ರಾಸೆಸ್' ಎಂದು ಕರೆದುಕೊಂಡ, 2023ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದ. 'ಪ್ರಾಸೆಸ್ ಅನ್ನು ನಂಬಿ' ಎಂಬುದು ಆ ನಗರದ ಕ್ರೀಡಾಂಗಣದ ಘೋಷಣೆಯಾಯಿತು. 2019ರಿಂದ ಲೀಗ್ ನಿಯಮ ಬದಲಿಸಿ, ತೀರಾ ಸೋತ ಮೂರೂ ತಂಡಗಳಿಗೆ ತಲಾ ಶೇ 14 ಅವಕಾಶ ಎಂದಿತು. ಆ ಸೋಲುಗಳ ಫಲವಾಗಿ ಕಟ್ಟಿದ ತಂಡಕ್ಕೆ ಪ್ರಶಸ್ತಿ ಮಾತ್ರ ಬರಲಿಲ್ಲ. ಹಿಂಕಿ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಆ ಚರ್ಚೆಯ ಎರಡೂ ಕಡೆಯವರು ಒಂದನ್ನು ಒಪ್ಪಿಕೊಂಡಿರುತ್ತಾರೆ: ಪ್ರಶಸ್ತಿ ಬಂದಿದ್ದರೆ ಆ 199 ಸೋಲುಗಳಿಗೆ ಅರ್ಥ ಬರುತ್ತಿತ್ತು. ನಾನು ಪ್ರಶ್ನಿಸುವುದು ಈ ಒಪ್ಪಂದವನ್ನೇ. ಬಂದಿದ್ದರೂ, ಹತ್ತು ದಿನ ಆಡಿ ಹೋದವನಿಗೆ ಆ ಅರ್ಥದಲ್ಲಿ ಪಾಲು ಇರುತ್ತಿರಲಿಲ್ಲ.

ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇದೆಲ್ಲ ಏಕೆ ಬೇಕು ಎಂದರೆ, 'ಪ್ರಾಸೆಸ್' ಎಂಬ ಪದ ಈಗ ಬ್ಯಾಸ್ಕೆಟ್‌ಬಾಲಿನದಷ್ಟೇ ಅಲ್ಲ. ನನ್ನ ಓರಗೆಯವರು ಅದನ್ನು ದಿನವೂ ಕೇಳುತ್ತೇವೆ. ಫೆಲೋಶಿಪ್ ತಡವಾದರೆ ಪ್ರಾಸೆಸ್‌ನಲ್ಲಿದೆ, ನೇಮಕಾತಿ ನಿಂತರೆ ಪ್ರಾಸೆಸ್‌ನಲ್ಲಿದೆ. ಡಾಕ್ಟರೇಟ್ ಮುಗಿಸಿದ ನಮ್ಮ ಹಿರಿಯರು ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ರಜೆಯಲ್ಲಿ ಸಂಬಳವಿಲ್ಲದೆ ಇದ್ದಾರೆ. ಶಿಕ್ಷಣ ವ್ಯವಸ್ಥೆಯ ಮರುನಿರ್ಮಾಣದ ಮಾತು ಬಂದಾಗಲೆಲ್ಲ ಆ ದೂರದ ನೋಟ ಯಾರದು, ಕಾಯುವ ದೇಹ ಯಾರದು ಎಂದು ಕೇಳಬೇಕಾಗುತ್ತದೆ. ಅತಿಥಿ ಉಪನ್ಯಾಸಕರ ತರಗತಿಯಲ್ಲಿ ಈ ವರ್ಷ ಕೂತ ಹುಡುಗಿಗೆ ಈ ವರ್ಷವೇ ಪಾಠ ಆಗಬೇಕು, ಅವಳಿಗೆ ಇದು ಪೂರ್ವತಯಾರಿಯ ವರ್ಷವಲ್ಲ.

ಯೋಜನೆ ಬೇಡ, ತಾಳ್ಮೆ ಬೇಡ ಎಂದು ನಾನು ಹೇಳುತ್ತಿಲ್ಲ. ಕಟ್ಟುವವರಿಗೆ ಎರಡೂ ಬೇಕು. ಆದರೆ ಕಟ್ಟುವ ಕಾಲದ ಕಥೆಯನ್ನು ಕಟ್ಟಿಸುವವರ ಪತ್ರದಿಂದ ಮಾತ್ರ ತಿಳಿದುಕೊಳ್ಳಬಾರದು. ಇಟ್ಟಿಗೆ ಹೊತ್ತವರ ಬಳಿ ಹೋಗಿ ಕೂತು, ಹೆಸರು, ಊರು ಕೇಳಿ, ಆ ಒಂದು ವರ್ಷ ಅವರಿಗೆ ಹೇಗಿತ್ತು ಎಂದು ಬರೆದುಕೊಳ್ಳುವವರೂ ಬೇಕು. 38 ಗೆಲುವು, 44 ಸೋಲಿನ ತಂಡವೊಂದಕ್ಕೆ ಅಂಥವರೊಬ್ಬರು ಸಿಕ್ಕಿದ್ದರು. 10 ಗೆಲುವು, 72 ಸೋಲಿನ ತಂಡದ ಆಟಗಾರರ ಪುಸ್ತಕಕ್ಕಾಗಿ ನಾನು ಕಾಯುತ್ತಿದ್ದೇನೆ.