ಒಬ್ಬ ಹುಡುಗ, ಒಂದು ಠರಾವು

1856ರ ಜೂನ್‌ನಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿರೆಂದು ಅರ್ಜಿ ಕೊಟ್ಟ. ಸೇರಿಸಲಿಲ್ಲ. ಮುಂಬಯಿ ಸರಕಾರ ಅದರ ಮೇಲೆ ಒಂದು ಠರಾವು ಬರೆಯಿತು. 1928ರಲ್ಲಿ ಬಾಬಾಸಾಹೇಬರು ಸೈಮನ್ ಕಮಿಶನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ.

ನಮ್ಮ ಮಾಸ್ತರರು, ಅಕ್ಕೋರು ಈ ಠರಾವನ್ನು ಒಂದು ಕೃತಿಯಂತೆ ಓದಬೇಕು. ಎಲ್ಲೂ ಬೈಗುಳವಿಲ್ಲ. ಭಾಷೆ ಬಲು ನಯ. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ಹಳೆಯ ಪೂರ್ವಗ್ರಹಕ್ಕೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆ ಎನ್ನುತ್ತದೆ. ಅಂದರೆ ನ್ಯಾಯ ನಿನ್ನದು, ಸಾಲಿ ಅವರದು! 1858ರಲ್ಲಿ ಕಂಪನಿಯ ಡೈರೆಕ್ಟರರು ಸರಕಾರಿ ಸಾಲಿ ಎಲ್ಲರಿಗೂ ತೆರೆದದ್ದೆಂದು ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು.

ಠರಾವಿನ ತರ್ಕ ಮಾತ್ರ ಸಾಯಲಿಲ್ಲ. 'ಹಿಂದಿನ ಬೆಂಚಿನ ನಾಕು ಹುಡುಗರ ಸಲುವಾಗಿ ರಿಸಲ್ಟ್ ಕೆಡಸಬ್ಯಾಡ್ರಿ' ಅನ್ನುವ ಮಾತು ಯಾವ ಮಾಸ್ತರರ ಕಿವಿಗೆ ಬಿದ್ದಿಲ್ಲ? ನಾವು ಸಭೆಗಳಲ್ಲಿ ಜೀವನಪೂರ್ತಿ ಕಲಿಕೆ ಎಂದು ಭಾಷಣ ಮಾಡುತ್ತೇವೆ. ಆ ಬೆಂಚಿನ ಹುಡುಗ ಜೀವನಪೂರ್ತಿ ಉಳಿಯುವ ಪಾಠವೊಂದನ್ನು ಕಲಿತೇ ಹೋಗಿರುತ್ತಾನೆ: 'ಇದು ನನ್ನ ತಲಿಗೆ ಹತ್ತೂದಲ್ಲ.'

ಪರೀಕ್ಷೆ ಬ್ಯಾಡ ಅಂತ ನಾನು ಹೇಳಾಕತ್ತಿಲ್ಲ. ಕೇರಿಯ ಹುಡುಗ ನಪಾಸಾದರೆ ಅವನಿಗೆ ಇನ್ನೊಂದು ಬಾಗಿಲಿಲ್ಲ. ಆದರೆ ಸೂತ್ರ ಪರೀಕ್ಷೆಯ ಮರುದಿನ ಯಾಕೆ ಮರೆಯುತ್ತದೆ, ನೋಡೋಣ.

ಘನಫಲದ ಪಾಠ ತಗೊಳ್ಳಿ. ಉದ್ದ, ಅಗಲ, ಆಳ ಗುಣಿಸು ಎಂದು ಬೋರ್ಡಿನ ಮೇಲೆ ಬರೆದರೆ ಹುಡುಗರು ಇಳಿಸಿಕೊಳ್ಳುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದಮೇಲೆ ಅದೇ ಹುಡುಗರ ಅವ್ವಂದಿರು ತಗ್ಗು ತೋಡಿದರು. ತೋಡಿದ ಮಣ್ಣನ್ನು ಅಳೆದು ಕೂಲಿ ಬರೆದರು. ಬರೆದವರ ಲೆಕ್ಕ ಅವ್ವನಿಗೆ ತಿಳಿಯಲಿಲ್ಲ. ಅವಳ ಮಗನ ಪಾಟಿಯ ಮೇಲೆ ಅದೇ ಲೆಕ್ಕವಿತ್ತು, ಯಾರೂ ಎರಡನ್ನೂ ಕೂಡಿಸಿ ತೋರಿಸಲಿಲ್ಲ.

ಕಲಘಟಗಿ ತಾಲೂಕಿನ ತಂಬೂರದಂಥ ಊರಾಗ ಮಾಸ್ತರರು ಒಂದು ಹಗ್ಗ, ಒಂದು ಅಳತೆಗೋಲು ಹಿಡಕೊಂಡು ಹುಡುಗರನ್ನು ಯಾವುದಾದರೂ ಹೊಲದ ಹೊಂಡಕ್ಕೆ ಕರಕೊಂಡು ಹೋಗಲಿ. ಇಳಿದು ಅಳೆಯಲಿ. ತಳ ಸಣ್ಣದು, ಬಾಯಿ ದೊಡ್ಡದು, ಈಗ ಹ್ಯಾಂಗ ಗುಣಿಸೂದ್ರಿ ಸರ ಅಂತ ಒಬ್ಬಳು ಕೇಳುತ್ತಾಳೆ. ಪುಸ್ತಕದಲ್ಲಿಲ್ಲದ ಪ್ರಶ್ನೆ ಅದು. ಉತ್ತರ ತಕ್ಷಣ ಹೇಳಬ್ಯಾಡ್ರಿ. ಜಗಳಾಡಲಿ, ಮತ್ತೆ ಅಳೆಯಲಿ. ಸಂಜಿಗೆ ಮನೆಗೆ ಹೋಗಿ ಅವ್ವನ್ನ ಕೇಳಲಿ: ನೀ ಎಷ್ಟು ಮಣ್ಣು ತೋಡಿದಿ, ಎಷ್ಟು ಬರದ್ರು?

ನಾಲ್ಕು ದಿನದಾಗ ಊರಿನ ದೊಡ್ಡವರೊಬ್ಬರು ಸಾಲಿಗೆ ಬಂದು, 'ಏನ್ರಿ ಮಾಸ್ತರ, ಹುಡುಗರಿಗೆ ಇಲ್ಲದ್ದೆಲ್ಲಾ ಕಲಸಾಕತ್ತೀರಂತ?' ಅಂತ ಕೇಳುತ್ತಾರೆ. ಆಗ ಪಠ್ಯಪುಸ್ತಕ ತೆಗೆದು ಘನಫಲದ ಪಾಠ ತೋರಿಸಿರಿ.