ಪರದೆ ಬರೆದ ಕೈ, ಮರಳು ಕಲಿಸಿದ ಪಾಠ

ಡೇವಿಡ್ ರಾಬರ್ಟ್ಸ್ ಚಿತ್ರಿಸಿದ ಈಜಿಪ್ಟಿನ ಎಡ್ಫು ದೇವಾಲಯದಲ್ಲಿ ಕಂಬಗಳ ಬುಡವೇ ಕಾಣುವುದಿಲ್ಲ. ಮರಳು ಬೋದಿಗೆಯ ಹತ್ತಿರದವರೆಗೆ ಏರಿದೆ. ಕತ್ತೆತ್ತಿ ನೋಡಬೇಕಾದ ಕೆತ್ತನೆ ಮನುಷ್ಯನ ಎತ್ತರಕ್ಕೇ ಇಳಿದು ಬಂದಿದೆ. 1838ರಲ್ಲಿ ಅವನು ಕಂಡ ಗುಡಿ ಹಾಗೇ ಇತ್ತು. ಪುರಾತತ್ವಜ್ಞ ಮರಿಯೆತ್ ಅದನ್ನು ಅಗೆಸತೊಡಗಿದ್ದು 1860ರಲ್ಲಿ.

ಇದೇ ಕಲಾವಿದ 1829ರಲ್ಲಿ, ಈಜಿಪ್ಟಿಗೆ ಇನ್ನೂ ಕಾಲಿಡದಿದ್ದಾಗ, ಇಸ್ರೇಲಿಗಳು ಈಜಿಪ್ಟ್ ಬಿಟ್ಟು ಹೊರಡುವ ದೃಶ್ಯವನ್ನು ದೊಡ್ಡ ತೈಲಚಿತ್ರವಾಗಿ ಬರೆದಿದ್ದ. ಅಲ್ಲಿ ಕಂಬಸಾಲುಗಳೂ ಮಹಾದ್ವಾರಗಳೂ ಅಂಚು ಮುಕ್ಕಾಗದೆ, ಧೂಳು ಸೋಕದೆ ನಿಂತಿವೆ. ನೋಡಿ ಬೆರಗಾಗುತ್ತೇವೆ, ನಂಬುವುದಿಲ್ಲ. ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ರಾಬರ್ಟ್ಸ್‌ನನ್ನು ನಿಜವಾದ ಕಲಾವಿದನನ್ನಾಗಿ ಮಾಡಿದ್ದು ಮರಳು.

ಅವನು ಹುಟ್ಟಿದ್ದು 1796ರಲ್ಲಿ, ಎಡಿನ್‌ಬರೋದ ಸ್ಟಾಕ್‌ಬ್ರಿಜ್‌ನಲ್ಲಿ. ತಂದೆ ಬೂಟು ಹೊಲಿಯುತ್ತಿದ್ದರು. ಹುಡುಗ ಏಳು ವರ್ಷ ಮನೆಗಳಿಗೆ ಬಣ್ಣ ಬಳಿಯುವವನ ಕೈಕೆಳಗೆ ಕೆಲಸ ಕಲಿತು, ಸರ್ಕಸ್ಸಿಗೆ ಸೀನರಿ ಬರೆದು, ಲಂಡನ್ನಿನ ಡ್ರೂರಿ ಲೇನ್, ಕವೆಂಟ್ ಗಾರ್ಡನ್ ರಂಗಮಂದಿರಗಳ ಪರದೆಗಳವರೆಗೆ ಬಂದ. ಕೊನೇ ಸಾಲಿನ ಪ್ರೇಕ್ಷಕನಿಗೂ ಆಳ ಕಾಣಿಸಬೇಕು, ಕತ್ತಲೆ ಎಲ್ಲಿ ಬಿದ್ದರೆ ಬೆಳಕು ಎದ್ದು ತೋರುತ್ತದೆಂದು ತಿಳಿದಿರಬೇಕು: ಆ ವಿದ್ಯೆ ಅವನನ್ನು ಕಡೆತನಕ ಬಿಡಲಿಲ್ಲ. ನೈಲ್ ನದಿಯಲ್ಲಿ ಅಬು ಸಿಂಬೆಲ್‌ವರೆಗೆ ಹೋಗಿ, ಕೈರೋದ ಮಸೀದಿಗಳನ್ನು ಬರೆದು, 1839ರ ಫೆಬ್ರುವರಿಯಲ್ಲಿ ಒಂಟೆಗಳೊಡನೆ ಸಿನಾಯ್ ದಾಟಿ ಪೆಟ್ರಾ, ಜೆರುಸಲೇಮ್, ಬಾಲ್ಬೆಕ್ ನೋಡಿದ. ಎಲ್ಲೆಡೆಯೂ ಬಹುಪಾಲು ಓರೆಯಾಗಿ ಬೀಳುವ ಬಿಸಿಲೇ. ಮರುಭೂಮಿಯ ನಡುಹಗಲು, ಕಲ್ಲಿನ ನೆರಳನ್ನೆಲ್ಲ ನುಂಗಿಬಿಡುವ ಆ ಬಿಸಿಲು, ಅವನಲ್ಲಿ ವಿರಳ. ಇದು ಸಣ್ಣ ಕೊರತೆಯೇನಲ್ಲ.

ಪೆಟ್ರಾದಲ್ಲಿ ಮಾತ್ರ ಪರದೆಯ ವಿದ್ಯೆಯೂ ಕಣ್ಣೂ ಒಂದಾಗಿವೆ. ಅಲ್ಲಿ ಬೆಟ್ಟವನ್ನೇ ಕಡಿದು ಮುಂಭಾಗ ಮಾಡಿದ್ದಾರೆ. ಕಟ್ಟಡ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂಬ ಅನುಮಾನವನ್ನು ಅವನು ಹಾಗೇ ಉಳಿಸಿಕೊಂಡಿದ್ದಾನೆ.

ಸ್ಥಳದಲ್ಲೇ ಮಾಡಿದ ಪೆನ್ಸಿಲ್, ಜಲವರ್ಣದ ಕೆಲಸಗಳನ್ನು ಲೂಯಿ ಹಾಗ್ ಕಲ್ಲಚ್ಚಿಗೆ ಇಳಿಸಿದ. 1842ರಿಂದ 1849ರವರೆಗೆ ಕಂತುಕಂತಾಗಿ ಹೊರಬಂದ ಆ ಸಂಪುಟಗಳಲ್ಲಿ 240ಕ್ಕೂ ಹೆಚ್ಚು ಚಿತ್ರಗಳಿವೆ. ರಾಬರ್ಟ್ಸ್‌ನ ಹೆಸರು ಇಂದಿಗೂ ಉಳಿದಿದ್ದರೆ ಅದರಲ್ಲಿ ಹಾಗ್‌ನ ಕೈಯ ಪಾಲು ದೊಡ್ಡದು. ಅದನ್ನು ಹೇಳುವವರು ಕಡಿಮೆ.

ಜನರ ವಿಷಯದಲ್ಲಿ ಅವನನ್ನು ಸಮರ್ಥಿಸಲು ನನ್ನಿಂದಾಗದು. ಕಂಬದ ಬುಡದಲ್ಲಿ ಪೇಟ ಸುತ್ತಿ ಕೂತವರು ಅಳತೆಗೋಲುಗಳು: ಎತ್ತರ ತಿಳಿಸಲು, ಕಂದು ಬಣ್ಣದ ನಡುವೆ ಒಂದಿಷ್ಟು ಕೆಂಪು ನೀಲಿ ತರಲು ಬಂದವರು. ಅವರಿಗೆ ಕೆಲಸವಿಲ್ಲ, ಮುಖವೂ ಇಲ್ಲದಂತೆಯೇ. ಬರೀ ಹರಟುತ್ತ ಕೂತ ಜನ, ಪಾಳುಬಿದ್ದ ವೈಭವ ಎಂಬ ಜೋಡಣೆ ಆ ಕಾಲದ ಯುರೋಪಿಗೆ ಹಿತವಾಗಿತ್ತು. ಅವನು ಅದನ್ನು ಮತ್ತೆ ಮತ್ತೆ ಉಣಬಡಿಸಿದ.

ಆದರೂ ಆ ಸಂಪುಟಗಳನ್ನು ಬದಿಗಿಡಲಾಗದು. ಅಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗದಂತೆ ಅಬು ಸಿಂಬೆಲ್ ಗುಡಿಗಳನ್ನು 1960ರ ದಶಕದಲ್ಲಿ ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲೆ ಮತ್ತೆ ಜೋಡಿಸಿದರು. ಗುಡಿ ಉಳಿಯಿತು, ಅದರ ಪಾದಕ್ಕೆ ಹರಿದು ಬಂದಿದ್ದ ಮರಳಿನ ಇಳಿಜಾರು, ಕೆಳಗಿದ್ದ ನೈಲ್‌ನ ದಡ ಹೋದವು. ರಾಬರ್ಟ್ಸ್ ಅವನ್ನು ಗುಡಿಯಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ.