ಒಂದು ಕಂಡಿಕೆಯ ಕೀರ್ತಿ

ಪಾಲುಗಾರರು ಪರಸ್ಪರರಿಗೆ ಸಲ್ಲಿಸಬೇಕಾದ ನಿಷ್ಠೆಯನ್ನು ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಅವರಷ್ಟು ಉದಾತ್ತವಾಗಿ ಇನ್ನಾರೂ ನಿರೂಪಿಸಿಲ್ಲವೆಂಬ ಮಾತು, 1928ರ ಡಿಸೆಂಬರ್ 31ರಂದು ಮೈನ್‌ಹಾರ್ಡ್–ಸಾಲ್ಮನ್ ವ್ಯಾಜ್ಯದ ತೀರ್ಪು ಹೊರಬಿದ್ದಂದಿನಿಂದ ಗುರುವಿನಿಂದ ಶಿಷ್ಯನಿಗೆ ಸಾಗುತ್ತ ಬಂದು, ಈಗ ಪರೀಕ್ಷೆಯ ಅಗತ್ಯವೇ ಇಲ್ಲದಷ್ಟು ರೂಢವಾಗಿದೆ. ಆ ಕೀರ್ತಿಯೆಲ್ಲವೂ ಒಂದೇ ಕಂಡಿಕೆಯ ಸಂಪಾದನೆ. ಆ ಕಂಡಿಕೆಯಿಂದ ತೀರ್ಪು ಹುಟ್ಟುವುದಿಲ್ಲವೆಂಬುದು ನನ್ನ ಆಕ್ಷೇಪಣೆ.

ಸಂಗತಿಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಫಿಫ್ತ್ ಅವೆನ್ಯೂ ಮತ್ತು 42ನೆಯ ಬೀದಿ ಕೂಡುವ ಮೂಲೆಯ ಬ್ರಿಸ್ಟಲ್ ಹೋಟೆಲನ್ನು 1902ರಲ್ಲಿ 20 ವರ್ಷದ ಗುತ್ತಿಗೆಗೆ ಹಿಡಿದ ಸಾಲ್ಮನ್, ಅದನ್ನು ಅಂಗಡಿ ಕಚೇರಿಗಳಾಗಿ ಮಾರ್ಪಡಿಸುವುದಕ್ಕೆ ಬೇಕಾದ ಹಣದಲ್ಲಿ ಅರ್ಧವನ್ನು ಉಣ್ಣೆಯ ವರ್ತಕನಾದ ಮೈನ್‌ಹಾರ್ಡನಿಂದ ಪಡೆದನು. ಮೈನ್‌ಹಾರ್ಡನಿಗೆ ಮೊದಲ 5 ವರ್ಷ ಲಾಭದಲ್ಲಿ ನೂರಕ್ಕೆ 40, ಆಮೇಲೆ 50, ನಷ್ಟ ಸಮಸಮ, ಆಡಳಿತ ಮಾತ್ರ ಸಾಲ್ಮನ್ನನದು. ಗುತ್ತಿಗೆ ಮುಗಿಯಲು ಮೂರು ತಿಂಗಳು ಉಳಿದಿರುವಾಗ, ಭೂಮಿಯ ಒಡೆತನ ಆಗತಾನೆ ಕೈಸೇರಿದ್ದ ಗೆರ್ರಿಯು ನೆರೆಯ ತನ್ನ ನಿವೇಶನಗಳನ್ನೂ ಕೂಡಿಸಿ, 30 ಲಕ್ಷ ಡಾಲರಿನ ಹೊಸ ಕಟ್ಟಡದ ಷರತ್ತಿನ ಮೇಲೆ, 80 ವರ್ಷದವರೆಗೆ ಬೆಳೆಯಬಲ್ಲ ಗುತ್ತಿಗೆಯನ್ನು ಸಾಲ್ಮನ್ನನ ಕಂಪನಿಗೆ ಬರೆದುಕೊಟ್ಟನು. ಮೈನ್‌ಹಾರ್ಡನಿಗೆ ಅದರ ಸುಳಿವೇ ಇರಲಿಲ್ಲ.

ಇನ್ನು ಆ ಕಂಡಿಕೆ. ಸಂತೆಯಲ್ಲಿ ಸಲ್ಲುವ ನಡತೆ ವಿಶ್ವಾಸದಿಂದ ಬದ್ಧರಾದವರಿಗೆ ಸಲ್ಲದು, ಅವರಿಗೆ ಬರಿಯ ಪ್ರಾಮಾಣಿಕತೆ ಸಾಲದು, ಅತ್ಯಂತ ಸೂಕ್ಷ್ಮವಾದ ಮಾನಪ್ರಜ್ಞೆಯೇ ಅವರ ಅಳತೆಗೋಲೆಂಬುದು ಅದರ ತಾತ್ಪರ್ಯ. ನಿರಾಕರಣೆ ಮೊದಲು ಬರುತ್ತದೆ, ಪ್ರತಿಪಾದನೆ ಅದರ ಬೆನ್ನೇರಿ ಬರುತ್ತದೆ. ಓದುಗನು ಪ್ರಶ್ನೆ ಕೇಳುವ ಮುನ್ನವೇ ಎತ್ತರಕ್ಕೆ ಏರಿಸಲ್ಪಟ್ಟಿರುತ್ತಾನೆ. ವಾಕ್ಯಗಳಲ್ಲಿ ಕರ್ತೃವೂ ಕಾಣಿಸನು: ಸಂಪ್ರದಾಯವು ತಾನಾಗಿ ಬೆಳೆದಿದೆ, ಅದು ಬಾಗದು. ಆದರೆ ಆ ಸಂಪ್ರದಾಯದ ಮೂಲದಲ್ಲಿರುವ 1726ರ ಕೀಚ್ ಪ್ರಕರಣದಲ್ಲಿ ವಿವಾದಕ್ಕೆ ಬಂದಿದ್ದುದು ಅಪ್ರಾಪ್ತ ಬಾಲಕನ ಹಿತಕ್ಕಾಗಿ ಟ್ರಸ್ಟಿಯೊಬ್ಬನು ಹಿಡಿದಿದ್ದ ಸಂತೆಯ ಗುತ್ತಿಗೆ, ಮತ್ತು ಅದೇ ಗುತ್ತಿಗೆಯ ನವೀಕರಣ; ಇಲ್ಲಿಯೋ ವ್ಯವಹಾರಬಲ್ಲ ವರ್ತಕ, ವಿಸ್ತರಿಸಿದ ನೆಲ, ಹೊಸ ಬಂಡವಾಳ. ಇದಕ್ಕಿಂತ ಗಹನವಾದ ತೊಡಕೊಂದಿದೆ. ಶಿಖರದಿಂದಿಳಿದು ವ್ಯಾಜ್ಯಕ್ಕೆ ಬಂದೊಡನೆ ಕಾರ್ಡೋಜೊ ಅವರು, ಸಾಲ್ಮನ್ ಸದ್ಭಾವದಿಂದಲೇ ನಡೆದಿರಬಹುದೆಂದು ಒಪ್ಪಿಕೊಂಡು, ಸುದ್ದಿಯನ್ನು ತಿಳಿಸದೆ ಜೊತೆಗಾರನಿಗೆ ಪೈಪೋಟಿಯ ಅವಕಾಶವನ್ನು ತಪ್ಪಿಸಿದುದೇ ಅವನ ದೋಷವೆಂದು ನಿಲ್ಲುತ್ತಾರೆ. ಪಾಲುಗಾರನಿಗೆ ಸುದ್ದಿ ಮುಟ್ಟಿಸಬೇಕೆಂಬುದನ್ನು ನಮ್ಮ ಚಿಕ್ಕಪೇಟೆಯ ಜವಳಿ ವರ್ತಕನೂ ಒಪ್ಪಿಯಾನು; ನಮ್ಮ 1932ರ ಪಾಲುದಾರಿಕೆ ಕಾಯಿದೆಯ 9ನೆಯ ಪ್ರಕರಣವೂ ಅದನ್ನು ಯಾವ ಅಲಂಕಾರವೂ ಇಲ್ಲದೆ ವಿಧಿಸುತ್ತದೆ. ಸಾಲದೆಂದು ತಳ್ಳಿಹಾಕಿದ ಆ ಬರಿಯ ಪ್ರಾಮಾಣಿಕತೆಯೇ ಇಲ್ಲಿ ಸಾಕಾಗಿತ್ತಲ್ಲವೆ? ಸುದ್ದಿ ತಿಳಿಸದ ತಪ್ಪಿಗೆ ಇಡೀ ಉದ್ಯಮದ ಅರ್ಧವೇ ದಂಡವೇಕೆಂಬುದಕ್ಕೆ ಶಿಖರದಲ್ಲಿಯೂ ಉತ್ತರವಿಲ್ಲ, ತಪ್ಪಲಿನಲ್ಲಿಯೂ ಇಲ್ಲ. ವಿಚಾರಣೆ ನಡೆಸಿದ ರೆಫರಿ ಕಾಲುಭಾಗವೆಂದಿದ್ದರು, ಕೆಳಗಿನ ಮೇಲ್ಮನವಿ ಪೀಠ ಅರ್ಧವೆಂದಿತು. ಕಾರ್ಡೋಜೊ ಅವರು ಅರ್ಧವನ್ನೇ ಉಳಿಸಿ, ಆಡಳಿತ ಕೈತಪ್ಪದಿರಲೆಂದು ಸಾಲ್ಮನ್ನನಿಗೆ ಒಂದು ಷೇರನ್ನು ಹೆಚ್ಚಾಗಿ ಕೊಟ್ಟರು. ಸ್ವಾರ್ಥದ ಚಿಂತೆಯನ್ನೇ ತೊರೆಯಬೇಕೆಂದು ವಿಧಿಸಿದ ಲೇಖನಿಯೇ ಇದನ್ನೂ ಬರೆಯಿತು! ಆ ಒಂದು ಷೇರಿನ ಮೇಲೆ ನನಗಿರುವ ಗೌರವ ಆ ಕಂಡಿಕೆಯ ಮೇಲಿಲ್ಲ. ಕಟ್ಟಡವನ್ನು ಯಾರಾದರೂ ನಡೆಸಬೇಕೆಂಬ ಲೋಕಜ್ಞಾನ ಅಲ್ಲಿ ಮಾತನಾಡಿದೆ.

ವಿಮರ್ಶಕರಲ್ಲಿ ಎರಡು ಗುಂಪು. ಭಕ್ತರನ್ನು ಬಿಟ್ಟುಬಿಡೋಣ. ಈಸ್ಟರ್‌ಬ್ರೂಕ್ ಮತ್ತು ಫಿಷೆಲ್ 1993ರಲ್ಲಿ ಪ್ರತಿಪಾದಿಸಿದಂತೆ, ವಿಶ್ವಾಸಧರ್ಮವೆಂಬುದರಲ್ಲಿ ವಿಶೇಷ ನೈತಿಕತೆಯೇನೂ ಇಲ್ಲ, ಬರೆದು ಮುಗಿಸಲಾಗದ ಕರಾರನ್ನು ನ್ಯಾಯಾಲಯ ಪೂರ್ತಿಮಾಡುವುದಷ್ಟೆ ಎನ್ನುವವರು ಎರಡನೆಯವರು. ವಾಗ್ವೈಭವದ ಮಂಜನ್ನು ಅವರು ಚದುರಿಸಿದರು, ನಿಜ. ಆದರೆ ಉಭಯರೂ ಮೊದಲೇ ಯೋಚಿಸಿದ್ದರೆ ಏನನ್ನು ಒಪ್ಪುತ್ತಿದ್ದರೆಂದು ಊಹಿಸುವುದು ಕಾರ್ಡೋಜೊ ಅವರ ಮಾನಪ್ರಜ್ಞೆಗಿಂತ ಯಾವ ವಿಧದಲ್ಲಿ ಹೆಚ್ಚು ಗಟ್ಟಿ? ಎಂದೂ ನಡೆಯದ ಮಾತುಕತೆಗೆ ಸಾಕ್ಷಿ ಹೇಳುವವರಾರು? ನಡೆದ ಮಾತುಕತೆಯೊಂದು ಕಣ್ಣೆದುರಿಗೇ ಇದೆ: 1902ರಲ್ಲಿ ಅವರು ಲಾಭ, ನಷ್ಟ, ಆಡಳಿತ, ಅವಧಿ ಎಲ್ಲವನ್ನೂ ಗೊತ್ತುಮಾಡಿಕೊಂಡಿದ್ದರು. ಕರಾರೇ ದೈವವೆನ್ನುವವರು ಆ ಬರೆಹದ ಎದುರಿಗೆ ಮೊದಲು ನಿಲ್ಲಬೇಕಾಗಿತ್ತು.

ಹಾಗೆ ನಿಂತವರು ಭಿನ್ನಮತದ ನ್ಯಾಯಾಧೀಶ ಆಂಡ್ರೂಸ್. ಇದು ಸರ್ವಸಾಮಾನ್ಯ ಪಾಲುದಾರಿಕೆಯಲ್ಲ, ಒಂದು ಗುತ್ತಿಗೆಯ ಮಟ್ಟಿಗೆ, ಒಂದು ಅವಧಿಯ ಮಟ್ಟಿಗೆ ಕೂಡಿದ ಉದ್ಯಮ. ಹೊಸ ಗುತ್ತಿಗೆ ಹಳೆಯದರ ನವೀಕರಣವಲ್ಲ ಎಂದು ಅವರು ಸಂಗತಿಗಳನ್ನು ಒಂದೊಂದಾಗಿ ಮುಟ್ಟಿನೋಡಿ ಬರೆದರು. ಆ ಗದ್ಯದಲ್ಲಿ ಬಾಯಿಪಾಠ ಮಾಡತಕ್ಕ ವಾಕ್ಯ ಒಂದೂ ಇಲ್ಲದಿರುವುದೇ ಅದು ಮರೆವಿಗೆ ಸಂದುದಕ್ಕೆ ಕಾರಣವೆಂದು ತೋರುತ್ತದೆ. ನಾಲ್ವರು ಒಂದೆಡೆ, ಮೂವರು ಇನ್ನೊಂದೆಡೆ. ಅದೇ ವರ್ಷದ ಪಾಲ್ಸ್‌ಗ್ರಾಫ್ ಪ್ರಕರಣದಲ್ಲಿ ಕಾರ್ಡೋಜೊ ಅವರೊಡನಿದ್ದ ನ್ಯಾಯಾಧೀಶ ಕೆಲ್ಲಾಗ್ ಇಲ್ಲಿ ಆಂಡ್ರೂಸ್ ಕಡೆಗೆ ಬಂದರು. ಅಲ್ಲಿ ಆಂಡ್ರೂಸ್ ಅವರೊಡನಿದ್ದ ಕ್ರೇನ್ ಕಾರ್ಡೋಜೊ ಕಡೆಗೆ ಹೋದರು. ಕ್ರೇನ್ ಹೋಗದೆ ಉಳಿದಿದ್ದರೆ ಮೈನ್‌ಹಾರ್ಡನ ಪರವಾದ ತೀರ್ಪು ರದ್ದಾಗಿ ವ್ಯಾಜ್ಯ ಮರುವಿಚಾರಣೆಗೆ ಹೋಗಿ, ವಿದ್ಯಾರ್ಥಿಗಳು ಆಂಡ್ರೂಸ್ ಅವರ ನೀರಸ ಪುಟಗಳನ್ನೇ ಶಾಸನವೆಂದು ಓದುತ್ತಿದ್ದರು.